ಲೈನಿಂಗ್ ನೆನೆಸಿದಿರಾ?

ಹೊಲಿಗೆ ಕ್ಲಾಸಿಗೆ ಬರುವವರಿಗೆ ಮೊದಲ ದಿನವೇ ಕತ್ತರಿ ಹಿಡಿಯುವ ಆಸೆ. ನಾನು ಬಕೆಟ್ ತೋರಿಸುತ್ತೇನೆ. ಮುಖ ಸಪ್ಪಗಾಗುತ್ತದೆ.

35 ವರ್ಷದಿಂದ ಹೇಳುತ್ತಲೇ ಇದ್ದೇನೆ. ಬ್ಲೌಸಿನ ಕಾಟನ್ ಲೈನಿಂಗನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ತಮಾಷೆ ಅಂದರೆ, ಇವರೇ ಸೀರೆಗೆ ಫಾಲ್ ಹಚ್ಚುವಾಗ ಮರೆಯದೆ ನೆನೆಸುತ್ತಾರೆ. ಅಮ್ಮ ಹೇಳಿಕೊಟ್ಟಿರುತ್ತಾರಲ್ಲ! ಲೈನಿಂಗ್ ಅಂದರೆ ಮಾತ್ರ, "ಒಳಗಿರೋದು ತಾನೇ ಮಿಸ್, ಯಾರಿಗೆ ಕಾಣುತ್ತೆ?"

ಕಾಣುತ್ತೆ. ಮಗ್ಗದಲ್ಲಿ ನೂಲನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ. ನೀರು ಸೋಕಿದರೆ ಆ ಬಿಗಿ ಬಿಟ್ಟುಹೋಗಿ ಬಟ್ಟೆ ಕುಗ್ಗುತ್ತದೆ. ಸಾಮಾನ್ಯವಾಗಿ ಉದ್ದಕ್ಕೆ ಜಾಸ್ತಿ, ಅಗಲಕ್ಕೆ ಕಡಿಮೆ. ನೂರಕ್ಕೆ 4ರಷ್ಟು ಕುಗ್ಗಿತು ಅಂತಿಟ್ಟುಕೊಳ್ಳಿ. 14 ಇಂಚಿನ ಬ್ಲೌಸಿನಲ್ಲಿ ಅರ್ಧ ಇಂಚಿಗೂ ಮೇಲೆ ಹೋಯಿತು. ಮೇಲಿನ ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಕೂಡಿಸಿ ಹೊಲಿದಿದ್ದೀರಿ. ಒಂದು ಎಳೆಯುತ್ತದೆ, ಇನ್ನೊಂದು ಉಬ್ಬುತ್ತದೆ. ಕಂಕುಳಲ್ಲಿ ಬಿಗಿ, ಬೆನ್ನಲ್ಲಿ ಸುಕ್ಕು. ಬೈಗುಳ ಟೈಲರಿಗೆ.

"ಅಂಗಡಿಯವರು ಟೂ ಬೈ ಟೂ, ಕುಗ್ಗಲ್ಲ ಅಂದ್ರು." ಟೂ ಬೈ ಟೂ ಅಂದರೆ ಉದ್ದದ ಹಾಸು, ಅಡ್ಡದ ಹೊಕ್ಕು ಎರಡರಲ್ಲೂ ಎರಡೆಳೆ ಹೊಸೆದ ನೂಲು, ಅಷ್ಟೇ. ಕುಗ್ಗಲ್ಲ ಅಂತ ಅದರಲ್ಲಿ ಎಲ್ಲಿದೆ?

ಹಾಗಂತ ರೇಷ್ಮೆಯನ್ನೂ ಬಕೆಟ್ಟಿಗೆ ಹಾಕಿಬಿಡಬೇಡಿ, ಬಣ್ಣ ಬಿಟ್ಟೀತು. ಡ್ರೈ ಕ್ಲೀನಿಂಗ್ ಮಾತ್ರ ಮಾಡಿಸುವವರಿಗೆ ಈ ತೊಂದರೆ ಕಡಿಮೆ ಇರಬಹುದು. ಆದರೆ ಎರಡನೇ ಸಲಕ್ಕೆ ಎಲ್ಲರೂ ಮನೆಯಲ್ಲೇ ಒಗೆಯುತ್ತಾರೆ, ಅಲ್ವಾ? ಇನ್ನೊಂದು ಮಾತು, ನೆನೆಸಿದ ಲೈನಿಂಗ್ ಹಿಂಡಬೇಡಿ. ಎಳೆ ಸೊಟ್ಟಗಾಗುತ್ತದೆ. ನೀರು ತಾನಾಗಿ ಸೋರಲಿ.

ಒಬ್ಬ ಹುಡುಗಿ ಅಕ್ಕನ ಮದುವೆಗೆ ಬ್ಲೌಸ್ ಹೊಲಿದಿದ್ದಳು. ಒಂದೇ ಸಲ ಒಗೆದದ್ದು, ಅಳುತ್ತಾ ತಂದಳು. ಚೆನ್ನಾಗಿ ಬೈಯಬೇಕು ಅಂತಲೇ ಕೈಗೆ ತಗೊಂಡೆ. ಕುತ್ತಿಗೆ ಸುತ್ತ ಅವಳು ಹಾಕಿದ್ದ ಕೈಹೊಲಿಗೆ ಎಷ್ಟು ಸಣ್ಣಗಿತ್ತೆಂದರೆ, ಬಿಚ್ಚಲು ನನಗೇ ಮನಸ್ಸು ಬರಲಿಲ್ಲ. ಇಬ್ಬರೂ ಕೂತು ಬಿಚ್ಚಿ ಮುಗಿಸುವಾಗ ರಾತ್ರಿ 10 ಗಂಟೆ.

ಈಗ ಅವಳದೇ ಪುಟ್ಟ ಅಂಗಡಿ. ಮೊನ್ನೆ ಹೋಗಿದ್ದೆ. ಬಾಗಿಲ ಪಕ್ಕದ ತಂತಿಯಲ್ಲಿ ಏಳೆಂಟು ಲೈನಿಂಗ್ ತುಂಡು ಒಣಗುತ್ತಿದ್ದವು. ಒಂದನ್ನು ಹಿಂಡಿ ಹಾಕಿದ್ದಳು. ಸುಮ್ನೆ ಬರೋಕಾಗುತ್ತಾ, ಬೈದು, ಕಾಫಿ ಕುಡಿದು ಬಂದೆ.