76 ಪರ್ಸೆಂಟ್ ಅಂದರೆ ನೂರಕ್ಕೆ 76 ಜನ ಅಲ್ಲ

ಪ್ರೊಸ್ಟಾಸಿನ್ ಅನ್ನೋ ಪ್ರೋಟೀನ್ ರಕ್ತದಲ್ಲಿ ಜಾಸ್ತಿ ಇರುವವರಿಗೆ ಸಕ್ಕರೆ ಕಾಯಿಲೆಯ ಅಪಾಯ 76% ಹೆಚ್ಚು, ಕ್ಯಾನ್ಸರ್‌ನಿಂದ ಸಾಯುವ ಅಪಾಯ 43% ಹೆಚ್ಚು. 2022ರಲ್ಲಿ ‘ಡಯಾಬಿಟೋಲೋಜಿಯಾ’ ಪತ್ರಿಕೆಯಲ್ಲಿ ಈ ಅಧ್ಯಯನ ಬಂತು. ಇಂಥ ಸುದ್ದಿ ಓದಿದ ಕೂಡಲೇ ‘ನೂರರಲ್ಲಿ 76 ಜನಕ್ಕೆ ಕಾಯಿಲೆ ಗ್ಯಾರಂಟಿ’ ಅಂದುಕೊಂಡು ಗಾಬರಿ ಬೀಳುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ತಪ್ಪು ಅವರದ್ದಲ್ಲ ಬಿಡಿ, ತಲೆಬರಹ ಬರೆದವರದ್ದು.

ನಡೆದದ್ದು ಇಷ್ಟು. ಸ್ವೀಡನ್ನಿನ ಮಾಲ್ಮೋದಲ್ಲಿ 1990ರ ದಶಕದ ಆರಂಭದಲ್ಲಿ ಸಾವಿರಾರು ಮಧ್ಯವಯಸ್ಕರ ರಕ್ತ ಪಡೆದು, ಶೈತ್ಯೀಕರಿಸಿ ಇಟ್ಟಿದ್ದರು. ಆಮೇಲೆ ಅವರಲ್ಲಿ ಯಾರಿಗೆ ಯಾವ ಕಾಯಿಲೆ ಬಂತು, ಯಾರು ಏನಾಗಿ ತೀರಿಕೊಂಡರು ಅಂತ ದಾಖಲೆಗಳಲ್ಲಿ ಗಮನಿಸುತ್ತಾ ಬಂದರು. ಶುರುವಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದಿದ್ದ 4,297 ಜನರಲ್ಲಿ, ಸರಾಸರಿ 22 ವರ್ಷಗಳಲ್ಲಿ 702 ಜನಕ್ಕೆ ಅದು ಬಂತು. ಅಂದರೆ ನೂರಕ್ಕೆ ಸುಮಾರು 16. ಪ್ರೊಸ್ಟಾಸಿನ್ ಅತಿ ಕಡಿಮೆ ಇದ್ದ ಕಾಲು ಭಾಗ ಜನರನ್ನೂ ಅತಿ ಹೆಚ್ಚಿದ್ದ ಕಾಲು ಭಾಗದವರನ್ನೂ ಹೋಲಿಸಿದಾಗ ಬಂದ ವ್ಯತ್ಯಾಸವೇ ಆ 76%. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, ಒಂದು ಗುಂಪಿನಲ್ಲಿ ನೂರಕ್ಕೆ 12 ಜನಕ್ಕೆ ಬಂದರೆ ಇನ್ನೊಂದರಲ್ಲಿ ಸುಮಾರು 21 ಜನಕ್ಕೆ ಬರಬಹುದು. ಉಳಿದ 79 ಜನ ಆರಾಮಾಗೇ ಇರುತ್ತಾರೆ.

ನನಗೆ ನಿಜವಾದ ಖುಷಿ ಇರುವುದು ಈ ಪ್ರೋಟೀನ್ ಮಾಡುವ ಕೆಲಸದಲ್ಲಿ. ಇದು ಕತ್ತರಿಸುವ ಜಾತಿಯದ್ದು. ಕರುಳಿನಲ್ಲಿ ಊಟದ ಪ್ರೋಟೀನನ್ನು ತುಂಡು ಮಾಡುವ ಟ್ರಿಪ್ಸಿನ್ ಇದೆಯಲ್ಲ, ಅದರ ದಾಯಾದಿ. ಟ್ರಿಪ್ಸಿನ್‌ಗೆ 1876ರಲ್ಲೇ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಹೆಸರಿಟ್ಟಿದ್ದ. ಪ್ರೊಸ್ಟಾಸಿನ್ ಸಿಕ್ಕಿದ್ದು 1994ರಲ್ಲಿ, ಅದೂ ವೀರ್ಯದ ದ್ರವದಲ್ಲಿ. ಟ್ರಿಪ್ಸಿನ್ ಬಹಳ ಕಡೆ ಕತ್ತರಿ ಹಾಕಿದರೆ ಇದು ಬಹಳ ಆಯ್ದು ಹಾಕುತ್ತದೆ. ಮೂತ್ರಪಿಂಡದ ನಾಳಗಳ ಒಳಗೋಡೆಯ ಜೀವಕೋಶಗಳಲ್ಲಿ ಸೋಡಿಯಂ ಒಳಬರಲು ಸಣ್ಣ ಸಣ್ಣ ದಾರಿಗಳಿವೆ. ಪ್ರತಿ ದಾರಿಯೂ ಮೂರು ಪ್ರೋಟೀನ್ ಸೇರಿ ಆದದ್ದು. ಅದರಲ್ಲೊಂದರ ಮೇಲೆ 43 ಅಮೈನೋ ಆಮ್ಲಗಳ ಒಂದು ತುಣುಕಿದೆ. ನಲ್ಲಿಯ ಬಾಯಿಗೆ ತುರುಕಿದ ಬಟ್ಟೆಯ ಹಾಗೆ ಅದು ಹರಿವನ್ನು ತಡೆಯುತ್ತದೆ. ಫ್ಯೂರಿನ್ ಅನ್ನೋ ಇನ್ನೊಂದು ಕಿಣ್ವ ಅದರ ಒಂದು ತುದಿ ಕತ್ತರಿಸುತ್ತದೆ, ಆದರೂ ತುಣುಕು ಬೀಳುವುದಿಲ್ಲ. ಪ್ರೊಸ್ಟಾಸಿನ್ ಬಂದು ಇನ್ನೊಂದು ತುದಿ ಕತ್ತರಿಸಿದರೆ ತುಣುಕು ಕಳಚಿ ಹೋಗುತ್ತದೆ, ದಾರಿ ತೆರೆದುಕೊಳ್ಳುತ್ತದೆ. ಸೋಡಿಯಂ ಒಳಬರುತ್ತದೆ, ಹಿಂದೆಯೇ ನೀರೂ ಬರುತ್ತದೆ. ರಕ್ತದ ಪ್ರಮಾಣವೂ ಒತ್ತಡವೂ ಇದರ ಮೇಲೆ ನಿಂತಿವೆ.

ಹಾಗಾದರೆ ಸಕ್ಕರೆಗೂ ಇದಕ್ಕೂ ಏನು ಸಂಬಂಧ? ಇಲ್ಲೇ ವಿಷಯ ತಿರುವುಮುರುವಾಗುವುದು. 2014ರಲ್ಲಿ ಜಪಾನಿನ ಸಂಶೋಧಕರು ಇಲಿಗಳ ಯಕೃತ್ತಿನಲ್ಲಿ ಪ್ರೊಸ್ಟಾಸಿನ್ ಇಲ್ಲದಂತೆ ಮಾಡಿದರು. ಆ ಇಲಿಗಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲಿಲ್ಲ. ಯಾಕಂದರೆ ಯಕೃತ್ತಿನಲ್ಲಿ ಉರಿಯೂತಕ್ಕೆ ಕರೆ ಕೊಡುವ ಒಂದು ಗ್ರಾಹಕವನ್ನು (ಜೀವಕೋಶದ ಮೇಲೆ ಕೂತು ಸಂಕೇತ ಹಿಡಿಯುವ ಪ್ರೋಟೀನನ್ನು) ಪ್ರೊಸ್ಟಾಸಿನ್ ಕತ್ತರಿಸಿ ಸುಮ್ಮನಾಗಿಸುತ್ತದೆ. ಅಂದರೆ ಇಲ್ಲಿ ಅದು ಉಪಕಾರಿ! ಮಾಲ್ಮೋದವರ ರಕ್ತದಲ್ಲಿ ಅದು ಏರಿದ್ದು ಕಾಯಿಲೆ ತರಲಿಕ್ಕಲ್ಲ, ಏರುತ್ತಿರುವ ಸಕ್ಕರೆಯನ್ನು ತಡೆಯಲು ದೇಹ ಮಾಡಿದ ಪ್ರಯತ್ನವೂ ಇರಬಹುದು ಅಲ್ವಾ? ಆಗ ಪ್ರೊಸ್ಟಾಸಿನ್ ಇಳಿಸುವ ಔಷಧಿ ಕೊಟ್ಟರೆ ಕೆಡುಕೇ ಆದೀತು. ರಕ್ತ ಪರೀಕ್ಷೆಯಲ್ಲಿ ಏರಿ ಕಂಡಿದ್ದನ್ನೆಲ್ಲ ಇಳಿಸಬೇಕು ಅನ್ನುವವರು ಇದನ್ನು ಗಮನಿಸಬೇಕು.

ಕ್ಯಾನ್ಸರ್ ಕಡೆಗೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಅಂಡಾಶಯದ ಕ್ಯಾನ್ಸರ್ ಇರುವವರ ರಕ್ತದಲ್ಲಿ ಪ್ರೊಸ್ಟಾಸಿನ್ ಏರಿರುವುದು 2001ರಲ್ಲೇ ಕಂಡಿತ್ತು. ಆದರೆ ಪ್ರಾಸ್ಟೇಟ್ ಗ್ರಂಥಿಯ ಉಗ್ರ ಗೆಡ್ಡೆಗಳಲ್ಲಿ ಅದು ಕಡಿಮೆಯಾಗುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಮಾಲ್ಮೋ ಲೆಕ್ಕದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು. ಮೊದಲೇ ರಕ್ತದಲ್ಲಿ ಸಕ್ಕರೆ ಏರಿದ್ದವರಲ್ಲಿ ಪ್ರೊಸ್ಟಾಸಿನ್ ಎರಡರಷ್ಟಾದಂತೆಲ್ಲ ಕ್ಯಾನ್ಸರ್ ಸಾವಿನ ಅಪಾಯ 139% ಏರುತ್ತಿತ್ತು. ಸಕ್ಕರೆ ಸರಿಯಿದ್ದವರಲ್ಲಿ ಬರೀ 24%. ಇದನ್ನು ಓದಿ ‘ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬಿದ್ದು ಸಾಯುತ್ತದೆ’ ಅಂತ ಹೊರಡುವವರಿಗೆ ಒಂದು ಮಾತು. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅತಿಯಾಗಿ ಬಳಸುತ್ತವೆ ಅಂತ ಜರ್ಮನ್ ವಿಜ್ಞಾನಿ ಓಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದ, ನಿಜ. ಆದರೆ ನೀವು ಒಂದು ಚಮಚ ಸಕ್ಕರೆಯನ್ನೂ ಮುಟ್ಟದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮಿದುಳು ನಡೆಯುವುದೂ ಮುಖ್ಯವಾಗಿ ಅದರಿಂದಲೇ.