ಲೋಹದ ಪುಡಿಗೂ ಜಾತಕ ಬೇಕು

2024ರ ಮೇ 9ರಂದು ಇಸ್ರೊ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ ಒಂದನ್ನು 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಕಟ್ಟಿದ ಆ ಎಂಜಿನ್ ತಯಾರಿಸಿದ್ದು ಬೆಂಗಳೂರಿನ ವಿಪ್ರೊ 3ಡಿ. ಹದಿನಾಲ್ಕು ಭಾಗಗಳು ಒಂದಾದವು, 19 ಬೆಸುಗೆಗಳು ಇಲ್ಲವಾದವು, 565 ಕೆ.ಜಿ. ಲೋಹ ಬೇಕಿದ್ದ ಕೆಲಸ 13.7 ಕೆ.ಜಿ. ಪುಡಿಯಲ್ಲಿ ಮುಗಿಯಿತು. ಬೆಸುಗೆ ಹೋದಲ್ಲಿ ಅದರ ಹೊಣೆಯ ದೊಡ್ಡ ಪಾಲು ಪುಡಿಯ ಹೆಗಲೇರುತ್ತದೆ. ಆದ್ದರಿಂದ ಈ ಲೆಕ್ಕದಲ್ಲಿ ಆ 13.7 ಕೆ.ಜಿ.ಯೇ ನನಗೆ ಎಲ್ಲಕ್ಕಿಂತ ಮುಖ್ಯ.

ಪುಡಿಯಿಂದ ಲೋಹ ಕಟ್ಟುವ ವಿದ್ಯೆ ಹಳೆಯದು. ಆಗ ಕರಗಿಸಲಾಗದ ಪ್ಲಾಟಿನಮ್ಮನ್ನು ಪುಡಿಯಾಗಿ ಒತ್ತಿ, ಕಾಯಿಸಿ, ಬಡಿದು ಗಟ್ಟಿ ಮಾಡುವ ಕ್ರಮ ಕುರಿತು ಇಂಗ್ಲಿಷ್ ರಸಾಯನಶಾಸ್ತ್ರಜ್ಞ ವೊಲಾಸ್ಟನ್ ಬರೆದ ಲೇಖನ 1829ರಲ್ಲೇ ಪ್ರಕಟವಾಗಿತ್ತು. ಬಲ್ಬಿನ ಟಂಗ್‌ಸ್ಟನ್ ತಂತಿ, ಪೀಣ್ಯದ ಲೇತ್‌ಗಳಲ್ಲಿ ಲೋಹ ಕೊರೆಯುತ್ತ ದಿನವೂ ಸವೆಯುವ ಕಾರ್ಬೈಡ್ ತುದಿ, ಎಲ್ಲವೂ ಇದೇ ವಂಶದವು.

ಕಠಿಣ ಪ್ರಶ್ನೆಗಳು ಎದ್ದದ್ದು ಜೆಟ್ ಎಂಜಿನ್ನಿನಿಂದ. ಅದರ ಬಿಸಿ ಭಾಗಗಳಿಗೆ ಬೇಕಾದ ನಿಕಲ್ ಮಿಶ್ರಲೋಹದ ದೊಡ್ಡ ಗಟ್ಟಿ ನಿಧಾನವಾಗಿ ತಣಿಯುವಾಗ ಅದರ ಘಟಕಗಳು ಅಲ್ಲಲ್ಲಿ ಬೇರ್ಪಟ್ಟು ಗುಂಪುಗೂಡುತ್ತವೆ. ಕರಗಿದ ಲೋಹದ ಧಾರೆಗೆ ಆರ್ಗಾನ್ ಅನಿಲವನ್ನು ರಭಸದಿಂದ ಹಾಯಿಸಿದರೆ ಹನಿಗಳು ಕ್ಷಣದಲ್ಲಿ ಹೆಪ್ಪುಗಟ್ಟುತ್ತವೆ, ಬೇರ್ಪಡಲು ಸಮಯವೇ ಸಿಗುವುದಿಲ್ಲ. ಗೆದ್ದಂತೆಯೇ ಕಂಡಿತು. ಆದರೆ 1980ರ ಸೆಪ್ಟೆಂಬರ್‌ನಲ್ಲಿ, ಫಾರ್ನ್‌ಬರೊ ವೈಮಾನಿಕ ಪ್ರದರ್ಶನ ಮುಗಿಸಿ ಹೊರಟ ಅಮೆರಿಕದ ಎಫ್-18 ಯುದ್ಧವಿಮಾನ ಇಂಗ್ಲೆಂಡ್‌ನಲ್ಲಿ ಬಿತ್ತು. ಒಡೆದದ್ದು ಅದರ ಎಫ್404 ಎಂಜಿನ್ನಿನ ಟರ್ಬೈನ್ ಚಕ್ರ; ಅದನ್ನು ರೆನೆ 95 ಎಂಬ ಮಿಶ್ರಲೋಹದ ಪುಡಿಯಿಂದ ಮಾಡಲಾಗಿತ್ತು. ನಮ್ಮ ತೇಜಸ್ ಮಾರ್ಕ್-1 ಹಾರುವುದು ಅದೇ ಎಫ್404 ಕುಟುಂಬದ ಎಂಜಿನ್ನಿನಲ್ಲಿ.

ಟರ್ಬೈನ್ ಚಕ್ರಗಳ ಪುಡಿಯನ್ನು ಇನ್ನಷ್ಟು ಸಣ್ಣ ಜರಡಿಯಲ್ಲಿ ಸೋಸುವುದು ಮುಂದೆ ರೂಢಿಯಾಯಿತು. 270 ಮೆಶ್ (ಇಂಚಿಗೆ 270 ಎಳೆ) ಜರಡಿಯ ಕಣ್ಣು 53 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬಿರುಕಿಗೆ ಬೀಜವಾಗಬಲ್ಲ, ಕುಲುಮೆಯ ಗೋಡೆಯಿಂದ ಕಳಚಿದ ಸೆರಾಮಿಕ್ ಚೂರು ಪುಡಿಯೊಳಗೆ ಸೇರಿದರೂ ಅದಕ್ಕಿಂತ ಹೆಚ್ಚು ದೊಡ್ಡದಾಗಿರಲಾರದು ಎಂಬ ಭರವಸೆ ಅದು. ಒತ್ತಿ ಕಾಯಿಸುವುದಷ್ಟೇ ಸಾಲದೆಂದು ಬಡಿದು ರೂಪಿಸುವ ಹಂತವೂ ಸೇರಿತು.

ಲೇಸರ್ ಯಂತ್ರಗಳು ಬಂದ ಮೇಲೆ ಹಳೆಯ ಭಯಗಳ ಜೊತೆ ಹೊಸವೂ ಕೂಡಿದವು. ಸಾಮಾನ್ಯವಾಗಿ 15ರಿಂದ 45 ಮೈಕ್ರಾನಿನ ದುಂಡು ಕಣಗಳು ಬೇಕು. ದೊಡ್ಡ ಕಣಕ್ಕೆ ಮರಿ ಕಣ ಅಂಟಿದರೆ ಪದರ ಸಮನಾಗಿ ಹರಡುವುದಿಲ್ಲ. 50 ಗ್ರಾಂ ಪುಡಿ 2.5 ಮಿ.ಮೀ. ರಂಧ್ರದ ಕೊಳವೆಯಿಂದ ಇಳಿಯಲು ಹಿಡಿಯುವ ಸಮಯ ಇಂದಿಗೂ ಮೊದಲ ಪರೀಕ್ಷೆಗಳಲ್ಲೊಂದು. ಕಣದೊಳಗೆ ಸಿಕ್ಕಿಬಿದ್ದ ಆರ್ಗಾನ್ ಇನ್ನೂ ಕಳ್ಳ: ಬಿಸಿ ಒತ್ತಡದಲ್ಲಿ ಮುಚ್ಚಿಹೋದ ರಂಧ್ರ ಮುಂದೆ ಕಾಯಿಸಿದಾಗ ಮತ್ತೆ ಬಾಯಿ ತೆರೆಯಬಲ್ಲದು.

ಟೈಟಾನಿಯಂ ಇನ್ನೂ ಸೂಕ್ಷ್ಮ. ಉಳಿದ ಪುಡಿಯನ್ನು ಸೋಸಿ ಮರಳಿ ಬಳಸಿದಂತೆಲ್ಲ ಅದರಲ್ಲಿ ಲೋಹವನ್ನು ಪೆಡಸಾಗಿಸುವ ಆಮ್ಲಜನಕ ಏರುತ್ತದೆ. ಗ್ರೇಡ್ 5 ಎಂಬ ಟೈಟಾನಿಯಂ ಮಿಶ್ರಲೋಹಕ್ಕೆ ಮಿತಿ ಶೇ 0.20, ಅದರ ಇನ್ನೂ ಶುದ್ಧ ರೂಪವಾದ ಗ್ರೇಡ್ 23ಕ್ಕೆ ಶೇ 0.13. ಆದ್ದರಿಂದಲೇ ಒಮ್ಮೆಗೆ ತಯಾರಾದ ಪ್ರತಿ ಲಾಟ್ ಪುಡಿಗೂ ಜಾತಕ ಬೇಕು: ಯಾವ ಕುಲುಮೆ, ಯಾವ ಅನಿಲ, ಎಷ್ಟು ಸಲ ಬಳಕೆ, ಯಾವುದರ ಜೊತೆ ಬೆರಕೆ. 2017ರಲ್ಲಿ ನಾಸಾದ ಮಾರ್ಷಲ್ ಕೇಂದ್ರ ಹೊರಡಿಸಿದ ಮಾನದಂಡ ಪುಡಿಯನ್ನೂ ಯಂತ್ರವನ್ನೂ ಒಂದೇ ಪ್ರಕ್ರಿಯೆಯ ಅಂಗಗಳೆಂದು ಹಿಡಿದು ಅರ್ಹತೆಯ ಪುರಾವೆ ಕೇಳಿತು.

ಬೆಂಗಳೂರಿನ ಕಾರ್ಖಾನೆಗಳು ಈ ಜಾತಕ ಬರೆಯುವ ಕೆಲಸವನ್ನು ಖರ್ಚಿನ ಬಾಬತ್ತೆಂದು ನೋಡಬಾರದು. ಡಬ್ಬಿಯ ಜೊತೆ ಬರುವ ಪ್ರಮಾಣಪತ್ರ ತಯಾರಕರ ಅಂಗಳದಲ್ಲಿ ಪರೀಕ್ಷಿಸಿದ ದಿನದ ಪುಡಿಯದು. ಮಳೆಗಾಲದಲ್ಲಿ ಇಲ್ಲಿ ಮುಚ್ಚಳ ತೆರೆದರೆ ತೇವ ಹಿಡಿದು ಕಣಗಳು ಒಂದಕ್ಕೊಂದು ಅಂಟುತ್ತವೆ. ಆ ಪುಡಿಯ ಹರಿವು, ತೇವ, ಆಮ್ಲಜನಕಗಳನ್ನು ಯಂತ್ರಕ್ಕೆ ಸುರಿಯುವ ಮೊದಲು ಇಲ್ಲೇ ಅಳೆಯಬೇಕು.