ಆರು ತಿಂಗಳು ತುಮಕೂರು, ಆರು ತಿಂಗಳು ಅಮೆರಿಕ: ನಿಮ್ಮ ದಿನ ಎಣಿಸೋರು ಯಾರ್ಯಾರು?

ಮಗನೋ ಮಗಳೋ ಎಸ್‌ಐಟಿಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗಿ ಅಲ್ಲೇ ಸಿಟಿಜನ್ ಆಗಿರ್ತಾರೆ, ಅಪ್ಪ ಅಮ್ಮ ರಿಟೈರ್ ಆಗಿ ಅಶೋಕನಗರದಲ್ಲೋ ಎಸ್‌ಎಸ್ ಪುರಂನಲ್ಲೋ ಇರ್ತಾರೆ, ಗುಬ್ಬಿ ಕಡೆ ಒಂದೆರಡು ಎಕರೆ ಅಡಿಕೆ ತೋಟ ಇರುತ್ತೆ. "ಸದ್ಯಕ್ಕೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರ್ತೀವಿ ಸಾರ್, ಆಮೇಲೆ ಪೂರ್ತಿ ಹೋಗ್ಬಿಡ್ತೀವಿ" ಅಂತಾರೆ. ಆಡಿಟರ್ ಆಗಿ ನಾನು ಈ ಮಾತು ಕೇಳ್ತಾನೇ ಇರ್ತೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ. ಈ ಹೋಗಿ ಬರೋ ಕಾಲ ಕೆಲವರಿಗೆ ಎರಡು ವರ್ಷ, ಕೆಲವರಿಗೆ ಐದಾರು ವರ್ಷ ಎಳೆಯುತ್ತೆ, ಆದ್ರೆ ಕಾನೂನು ಯಾರನ್ನೂ ಅರ್ಧ ಇಲ್ಲಿಯೋರು ಅರ್ಧ ಅಲ್ಲಿಯೋರು ಅಂತ ಒಪ್ಪಲ್ಲ, ಇಲ್ಲಿನ ಇನ್‌ಕಮ್ ಟ್ಯಾಕ್ಸ್, ಇಲ್ಲಿನ ಫೆಮಾ (ವಿದೇಶಿ ವಿನಿಮಯ ಕಾಯ್ದೆ), ಅಲ್ಲಿನ ಇಮಿಗ್ರೇಶನ್, ಅಲ್ಲಿನ ಟ್ಯಾಕ್ಸ್, ನಾಲ್ಕೂ ಕಡೆ ನಾಲ್ಕು ಥರ ಲೆಕ್ಕ, ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇಲ್ಲ.

ಮೊದಲು ಪಾಸ್‌ಪೋರ್ಟ್ ತೆಗೆದು ಸ್ಟಾಂಪ್ ನೋಡಿ. ನಮ್ಮ ಟ್ಯಾಕ್ಸ್ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ಅವರದ್ದು ಜನವರಿಯಿಂದ ಡಿಸೆಂಬರ್, ಹಂಗಾಗಿ ಒಂದೇ ಪ್ರಯಾಣ ಎರಡು ಕಡೆ ಬೇರೆ ಬೇರೆ ಥರ ಕಾಣುತ್ತೆ. ವರ್ಷದಲ್ಲಿ 182 ದಿನ ಇಲ್ಲಿದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಇಲ್ಲಿನ ರೆಸಿಡೆಂಟ್ (ನಿವಾಸಿ) ಅನ್ನೋದು ಎಲ್ಲರಿಗೂ ಬಾಯಿಪಾಠ ಆಗಿದೆ, 60 ದಿನದ ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತೇ ಇರಲ್ಲ. ಆ ವರ್ಷ ಇಲ್ಲಿ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ರೆ ನೀವು ರೆಸಿಡೆಂಟೇ. ಈಗ ಅಪ್ಪ ಮಗ ಇಬ್ರೂ ಒಂದೇ ಫ್ಲೈಟಲ್ಲಿ ಜೂನ್ 15ಕ್ಕೆ ಹೊರಟ್ರು, ಮಾರ್ಚ್ ಮುಗಿಯೋವರೆಗೂ ವಾಪಸ್ ಬರಲಿಲ್ಲ ಅಂದ್ಕೊಳ್ಳಿ. ಏಪ್ರಿಲ್ 30, ಮೇ 31, ಜೂನ್ 15, ಒಟ್ಟು 76 ದಿನ. ಮಗ ಕೆಲಸಕ್ಕೆ ಅಂತ ಹೋಗಿರೋದ್ರಿಂದ ಅವನಿಗೆ 60ರ ಜಾಗದಲ್ಲಿ 182, ಅವನು ಆ ವರ್ಷ ನಾನ್ ರೆಸಿಡೆಂಟ್. ಅಪ್ಪ ಕೆಲಸಕ್ಕೆ ಹೋಗಿಲ್ಲ, ಮಗನ ಮನೆಗೆ ಹೋಗಿದಾರೆ, ಆ ವರ್ಷ ಅವರು ಇಲ್ಲಿನ ರೆಸಿಡೆಂಟ್. ಮಗ ಅಲ್ಲಿ ಅಪ್ಪನ ಹೆಸರು ಸೇರಿಸಿ ಒಂದು ಜಾಯಿಂಟ್ ಅಕೌಂಟ್ ಮಾಡಿಸಿದ್ರೆ ಅದನ್ನೂ ಅಪ್ಪ ಇಲ್ಲಿನ ರಿಟರ್ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು, ಅದಕ್ಕೆ ಅಂತಲೇ 2015ರ ಕಪ್ಪುಹಣದ ಕಾಯ್ದೆ ಇದೆ. ಮುಂದಿನ ವರ್ಷಗಳಲ್ಲಿ ಅಲ್ಲಿ ನೆಲೆಸಿ ಇಲ್ಲಿಗೆ ಭೇಟಿಗೆ ಬರೋ ಭಾರತೀಯ ಪ್ರಜೆಗೆ 182ರ ಸವಲತ್ತು ಸಿಗುತ್ತೆ, ಆದ್ರೆ ಇಲ್ಲಿನ ಆದಾಯ 15 ಲಕ್ಷ ದಾಟಿದ್ರೆ ಅದು 120ಕ್ಕೆ ಇಳಿಯುತ್ತೆ.

ಅಮೆರಿಕದ ಕಡೆ ಲೆಕ್ಕ ಇನ್ನೂ ಸೂಕ್ಷ್ಮ. ವಿಸಿಟರ್ ವೀಸಾದಲ್ಲಿ ಹೋದ್ರೆ ಟ್ಯಾಕ್ಸ್ ಗೋಜೇ ಇಲ್ಲ ಅಂತ ಬಹಳ ಜನ ನಂಬಿರ್ತಾರೆ. ಅವರು ಈ ವರ್ಷದ ಪೂರ್ತಿ ದಿನ, ಹೋದ ವರ್ಷದ್ದು ಮೂರರಲ್ಲಿ ಒಂದು ಭಾಗ, ಅದರ ಹಿಂದಿನ ವರ್ಷದ್ದು ಆರರಲ್ಲಿ ಒಂದು ಭಾಗ ಕೂಡಿಸ್ತಾರೆ. ಪ್ರತಿ ವರ್ಷ 150 ದಿನ ಮೊಮ್ಮಗು ನೋಡ್ಕೊಳ್ಳೋಕೆ ಹೋಗೋ ಅಜ್ಜಿಗೆ ಮೂರನೇ ವರ್ಷ 150, 50, 25 ಸೇರಿ 225 ಆಗುತ್ತೆ, 183 ಮುಟ್ಟಿದ್ರೇ ಟ್ಯಾಕ್ಸ್ ಲೆಕ್ಕಕ್ಕೆ ಅಲ್ಲಿನ ರೆಸಿಡೆಂಟ್. ಆ ವರ್ಷದ ದಿನ 183ಕ್ಕಿಂತ ಕಮ್ಮಿ ಇದ್ರೆ ಫಾರ್ಮ್ 8840 ಹಾಕಿ ನನ್ನ ಮನೆ, ನನ್ನ ಸಂಬಂಧ ಎಲ್ಲಾ ಭಾರತದಲ್ಲಿದೆ ಅಂತ ತೋರಿಸಿ ಬಚಾವಾಗಬಹುದು. ಆದ್ರೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಕೂತಿದ್ರೆ ಆ ದಾರಿ ಮುಚ್ಚಿಹೋಗುತ್ತೆ.

ಗ್ರೀನ್ ಕಾರ್ಡ್ ವಿಷಯಕ್ಕೆ ಬರೋಣ. ಸಿಟಿಜನ್ ಆಗಿರೋ ಮಕ್ಕಳಿಗೆ 21 ಆಗಿದ್ರೆ ಅಪ್ಪ ಅಮ್ಮನಿಗೆ ಕೋಟಾ ಕಾಯೋ ಕೆಲಸ ಇಲ್ಲ, ಅದಕ್ಕೇ ಮಕ್ಕಳು ಪ್ರೀತಿಯಿಂದ ಅರ್ಜಿ ಹಾಕಿಬಿಡ್ತಾರೆ. ಕಾರ್ಡ್ ಕೈಗೆ ಬಂದು ಆ ನೆಲ ಮುಟ್ಟಿದ ದಿನದಿಂದ ಪ್ರಪಂಚದಲ್ಲಿ ಎಲ್ಲೇ ಬರೋ ಆದಾಯ ಇದ್ರೂ ಅಲ್ಲಿ ತೋರಿಸಬೇಕು. ನಮ್ಮ ಕಡೆ ಜನಕ್ಕೆ ಇಲ್ಲೇ ಪೆಟ್ಟು ಬೀಳೋದು. ತೋಟದ ಅಡಿಕೆ ದುಡ್ಡಿಗೆ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಪಿಪಿಎಫ್ ಬಡ್ಡಿಗೂ ಇಲ್ಲ, ಅಲ್ಲಿ ಎರಡಕ್ಕೂ ಇದೆ. ಇಲ್ಲಿ ಟ್ಯಾಕ್ಸ್ ಕಟ್ಟೇ ಇಲ್ಲವಾದ್ದರಿಂದ ಅದನ್ನ ಅಲ್ಲಿ ಕಳೀರಿ ಅಂತ ಕೇಳೋಕೂ ಏನೂ ಇರಲ್ಲ. ಜೊತೆಗೆ ಇಲ್ಲಿನ ಎಲ್ಲಾ ಅಕೌಂಟು, ಎಫ್‌ಡಿ ಸೇರಿ ವರ್ಷದಲ್ಲಿ ಯಾವತ್ತಾದ್ರೂ ಒಂದು ದಿನ 10,000 ಡಾಲರ್ ದಾಟಿದ್ರೆ ಎಫ್‌ಬಾರ್ ಅನ್ನೋ ಬೇರೆ ವರದಿ ಕೊಡಬೇಕು, ರಿಟೈರ್‌ಮೆಂಟ್ ದುಡ್ಡು ಎಫ್‌ಡಿಲಿ ಇಟ್ಟಿರೋ ಯಾವ ಮೇಷ್ಟ್ರಾದ್ರೂ ಆ ಮಿತಿ ದಾಟಿರ್ತಾರೆ. ಟ್ಯಾಕ್ಸ್ ಕೊನೆಗೆ ಸೊನ್ನೆ ಬರಬಹುದು, ವರದಿ ಮಾತ್ರ ಕೊಡಲೇಬೇಕು.

ಆರು ತಿಂಗಳಿಗೊಂದು ಸಲ ಹೋಗಿ ಮುಖ ತೋರಿಸಿ ಬಂದ್ರೆ ಕಾರ್ಡ್ ಉಳಿಯುತ್ತೆ ಅನ್ನೋದೂ ಅರ್ಧ ಸತ್ಯ. 180 ದಿನ ಮೀರಿ ಹೊರಗಿದ್ರೆ ವಾಪಸ್ ಹೋಗುವಾಗ ಹೊಸದಾಗಿ ಪ್ರವೇಶ ಕೇಳೋರ ಥರ ವಿಚಾರಿಸಬಹುದು, ಒಂದು ವರ್ಷ ಆದ್ರೆ ಬರೀ ಕಾರ್ಡ್ ಸಾಲಲ್ಲ. ರೀ-ಎಂಟ್ರಿ ಪರ್ಮಿಟ್ ಸಾಮಾನ್ಯವಾಗಿ ಎರಡು ವರ್ಷದವರೆಗೆ ಸಿಗುತ್ತೆ, ಅದಕ್ಕೆ ಅರ್ಜಿ ಹಾಕುವಾಗ ನೀವು ಅಮೆರಿಕದಲ್ಲೇ ಇರಬೇಕು, ತುಮಕೂರಿಗೆ ಬಂದು ಕೂತು ಹಾಕೋಕೆ ಆಗಲ್ಲ. ಅವರು ದಿನಕ್ಕಿಂತ ಜಾಸ್ತಿ ನೋಡೋದು ಉದ್ದೇಶ, ನಿಮ್ಮ ಮನೆ ಎಲ್ಲಿದೆ, ಸಾಮಾನು ಎಲ್ಲಿದೆ, ರಿಟರ್ನ್ ಎಲ್ಲಿ ಹಾಕ್ತೀರ ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ, ಬರೀ ಮಕ್ಕಳು ಮೊಮ್ಮಕ್ಕಳನ್ನ ನೋಡಿ ಬರೋಕೆ ವಿಸಿಟರ್ ವೀಸಾ ಸಾಕು, ಗ್ರೀನ್ ಕಾರ್ಡ್ ಅಲ್ಲೇ ಉಳಿಯೋ ಮನಸ್ಸು ಗಟ್ಟಿ ಆದೋರಿಗೆ. ಗಟ್ಟಿ ಆಗಿದ್ಯಾ ಅಂತ ತಿಳ್ಕೊಳ್ಳೋಕೆ ಬೇಸಿಗೆ ಬಿಟ್ಟು ಒಂದು ಸಲ ಡಿಸೆಂಬರಿಂದ ಮಾರ್ಚ್ ತನಕ ಇದ್ದು ನೋಡಿ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕಾರಿಲ್ಲದೆ ಹಾಲು ತರೋಕೂ ಆಗದ ಮನೇಲಿ, ಹೊರಗೆ ಹಿಮ ಬಿದ್ದಿರೋವಾಗ ಇಡೀ ದಿನ ಹೇಗೆ ಕಳೀತೀರ ಅನ್ನೋದು ಅವಾಗ ಗೊತ್ತಾಗುತ್ತೆ. ಆರೋಗ್ಯದ ವಿಷಯಾನೂ ಅಷ್ಟೇ, 65 ದಾಟಿದ ಹೊಸ ಗ್ರೀನ್ ಕಾರ್ಡ್‌ನೋರು ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಕೊಟ್ಟು ತಗೊಳ್ಳೋಕೂ ಐದು ವರ್ಷ ಎಡೆಬಿಡದೆ ಅಲ್ಲಿ ವಾಸ ಇರಬೇಕು, ಹಿಂಗೆ ಅರ್ಧರ್ಧ ಓಡಾಡ್ಕೊಂಡಿದ್ರೆ ಅದಕ್ಕೂ ತೊಡಕು.

ಬ್ಯಾಂಕ್ ವಿಷಯ ಫೆಮಾ ಕೈಲಿದೆ. ಎಷ್ಟು ದಿನ ಅಂತ ಗೊತ್ತಿಲ್ಲದೆ ಅಲ್ಲಿ ಉಳಿಯೋಕೆ ಅಂತ ಹೊರಟ್ರೆ ಅವತ್ತಿಂದಲೇ ನೀವು ಅನಿವಾಸಿ, ಇನ್‌ಕಮ್ ಟ್ಯಾಕ್ಸ್ ಪ್ರಕಾರ ಅದೇ ವರ್ಷ ರೆಸಿಡೆಂಟ್ ಆಗಿದ್ರೂ. ಎರಡೂ ಒಟ್ಟಿಗೆ ನಿಜ, ಗಾಬರಿ ಆಗಬೇಡಿ. ಎಸ್‌ಬಿ ಅಕೌಂಟ್ ಎನ್‌ಆರ್‌ಒ (ಅನಿವಾಸಿಗಳು ಇಲ್ಲಿನ ದುಡ್ಡು ಇಡೋ ಅಕೌಂಟ್) ಆಗಬೇಕು, ಅದರ ಬಡ್ಡಿಗೆ ಸೆಸ್ ಸೇರಿ ಸಾಮಾನ್ಯವಾಗಿ ಶೇ. 31.2 ಟಿಡಿಎಸ್ (ಕೊಡೋ ಮುಂಚೆಯೇ ಮುರ್ಕೊಳ್ಳೋ ಟ್ಯಾಕ್ಸ್) ಹಿಡೀತಾರೆ, ಇಲ್ಲೇ ಇರೋ ಹಿರಿಯರಿಗಾದ್ರೆ ವರ್ಷಕ್ಕೆ 1 ಲಕ್ಷ ಬಡ್ಡಿ ತನಕ ಹಿಡಿಯಲ್ಲ. ಹಳೇ ಪಿಪಿಎಫ್ ಮೆಚ್ಯೂರ್ ಆಗೋವರೆಗೂ ನಡೆಯುತ್ತೆ, ಮುಂದುವರಿಸೋ ಹಾಗಿಲ್ಲ. ಪಿಎಂ ಕಿಸಾನ್ ದುಡ್ಡು ಎನ್‌ಆರ್‌ಐಗೆ ಇಲ್ಲ, ಬರ್ತಿದ್ರೆ ನೀವೇ ನಿಲ್ಲಿಸಿ.

ಇನ್ನು ಜಮೀನು, ಕಾಲು ಇಲ್ಲಿರುವಾಗಲೇ ಮುಗಿಸಬೇಕಾದ ಕೆಲಸ ಇದು. ತೋಟಾನ ಮಗನ ಹೆಸರಿಗೆ ದಾನಪತ್ರ ಮಾಡಿ ನಿಶ್ಚಿಂತೆಯಿಂದ ಹೋಗ್ತೀನಿ ಅಂತಾರೆ. ಎನ್‌ಆರ್‌ಐ ಆಗ್ಲಿ ಒಸಿಐ (ಬೇರೆ ದೇಶದ ಪ್ರಜೆ ಆಗಿರೋ ಭಾರತ ಮೂಲದ ಕಾರ್ಡ್‌ದಾರ) ಆಗ್ಲಿ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳೋ ಹಾಗೂ ಇಲ್ಲ, ದಾನವಾಗಿ ತಗೊಳ್ಳೋ ಹಾಗೂ ಇಲ್ಲ. ಮನೆ, ಸೈಟ್ ದಾನ ಕೊಡಬಹುದು, ತೋಟ ಅಪ್ಪನ ಕಾಲಾನಂತರ ವಾರಸುದಾರಿಕೆಯಿಂದ ಮಾತ್ರ ಹೋಗಬಹುದು, ಅದಕ್ಕೆ ವಿಲ್ ಬರೆದು ರಿಜಿಸ್ಟರ್ ಮಾಡಿಸೋದು ಒಳ್ಳೇದು. ನೀವೇ ಅನಿವಾಸಿ ಆದ್ರೂ ಈಗ ನಿಮ್ಮ ಹೆಸರಲ್ಲಿರೋ ತೋಟ ಇಟ್ಕೊಳ್ಳೋಕೆ ತೊಂದರೆ ಇಲ್ಲ.

ಸೈಟ್ ಮಾರೋ ಯೋಚನೆ ಇದ್ರೆ ರೆಸಿಡೆಂಟ್ ಆಗಿರುವಾಗಲೇ ಮಾರಿ. ಆಗ ಬೆಲೆ 50 ಲಕ್ಷ ಮುಟ್ಟಿದ್ರೆ ಕೊಳ್ಳೋರು ಶೇ. 1 ಟಿಡಿಎಸ್ ಹಿಡಿದ್ರೆ ಮುಗೀತು. ನಾನ್ ರೆಸಿಡೆಂಟ್ ಆದ ಮೇಲೆ ಎರಡು ವರ್ಷಕ್ಕಿಂತ ಹಳೇ ಆಸ್ತಿಗೆ ಶೇ. 12.5, ಅದರ ಮೇಲೆ ಸೆಸ್, ಇಲಾಖೆಯಿಂದ ಕಮ್ಮಿ ಟಿಡಿಎಸ್ ಸರ್ಟಿಫಿಕೇಟ್ ತರದಿದ್ರೆ ಲಾಭದ ಬದಲು ಪೂರ್ತಿ ಬೆಲೆ ಮೇಲೇ ಹಿಡೀತಾರೆ, ರೀಫಂಡಿಗೆ ಆಮೇಲೆ ಕಾಯಬೇಕು.

ಇದೆಲ್ಲದಕ್ಕೂ ಮುಂಚೆ ಪಹಣಿ ತೆಗೆಸಿ ನೋಡಿ. ಎಷ್ಟೋ ಮನೇಲಿ ಇನ್ನೂ ತೀರಿಹೋದ ತಾತನ ಹೆಸರೇ ಇರುತ್ತೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಆಗಿರಲ್ಲ, ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡೋದು) ಆಗಿರಲ್ಲ, ಅಣ್ಣತಮ್ಮಂದಿರ ಭಾಗ ಬರೀ ಬಾಯಿಮಾತಲ್ಲಿ ಆಗಿರುತ್ತೆ. ಅಮೆರಿಕದಿಂದ ಪವರ್ ಆಫ್ ಅಟಾರ್ನಿ ಕಳಿಸೋದಾದ್ರೆ ಅಲ್ಲಿ ನೋಟರಿ, ಆಮೇಲೆ ಅಪಾಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ) ಅಥವಾ ಭಾರತದ ಕಾನ್ಸುಲೇಟ್, ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ, ಇಷ್ಟಾದ ಮೇಲೂ ಸರ್ವೆಯೋರು ಬಂದಾಗ ಬದು ಎಲ್ಲಿ ಅಂತ ತೋರಿಸೋಕೆ ಆ ಜಮೀನು ಗೊತ್ತಿರೋರೇ ಬೇಕು. ಟಿಕೆಟ್ ಬುಕ್ ಮಾಡೋದು ಇದರ ನಂತರ ಇಟ್ಕೊಳ್ಳಿ.